ನಾಲ್ಕು ವರ್ಷದ ಸೊಂಟನೋವಿಗೆ ಆಕ್ಯುಪಂಕ್ಚರ್ ಮಾಡಿಸಿಕೊಳ್ಳಬಹುದೇ?

ಪ್ರಶ್ನೆ: ಸಾಗರದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ 54 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಾಲ್ಕು ವರ್ಷಗಳ ಹಿಂದೆ ಒಂದು ಮಳೆಗಾಲದ ಬೆಳಿಗ್ಗೆ ನೀರು ತುಂಬಿದ ಕೊಡಪಾನ ಎತ್ತುವಾಗ ಸೊಂಟ ಹಿಡಿದುಕೊಂಡಿತು. ವಾರದಲ್ಲಿ ಹೋಗುತ್ತದೆ ಎಂದುಕೊಂಡ ನೋವು ಇಂದಿಗೂ ಪೂರ್ತಿ ಹೋಗಿಲ್ಲ. ಎಂ.ಆರ್.ಐ. ಮಾಡಿಸಿದಾಗ ಸೊಂಟದ ಎಲ್ 4–ಎಲ್ 5 ಮೂಳೆಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ, ನರ ಒತ್ತಿಲ್ಲ, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ ಎಂದು ಮೂಳೆ ವೈದ್ಯರು ಹೇಳಿದರು. ಫಿಸಿಯೋಥೆರಪಿ ಎರಡು ಬಾರಿ ಮಾಡಿಸಿದ್ದೇನೆ; ಮಾಡುವಷ್ಟು ದಿನ ಹಗುರ, ಬಿಟ್ಟರೆ ಮತ್ತೆ ಅದೇ.

ಕುಳಿತರೆ ಏಳುವುದು ಕಷ್ಟ, ನಿಂತರೆ ನಿಲ್ಲುವುದು ಕಷ್ಟ. 40 ನಿಮಿಷದ ತರಗತಿಯಲ್ಲಿ 15 ನಿಮಿಷ ಕಳೆಯುವಷ್ಟರಲ್ಲಿ ಎಡಗೈ ತಾನಾಗಿಯೇ ಮೇಜನ್ನು ಹಿಡಿದಿರುತ್ತದೆ. ಮಕ್ಕಳು ಅದನ್ನು ಗಮನಿಸಿ, ನಾನು ಹೇಳದೆಯೇ ಕುರ್ಚಿಯನ್ನು ಕಪ್ಪು ಹಲಗೆಯ ಪಕ್ಕಕ್ಕೆ ತಂದಿಡುತ್ತಾರೆ. ವಾರಕ್ಕೆ ನಾಲ್ಕೈದು ನೋವಿನ ಮಾತ್ರೆ ನುಂಗುತ್ತಿದ್ದೇನೆ. ಜೊತೆಗೆ ರಕ್ತದೊತ್ತಡದ ಮಾತ್ರೆ ಮತ್ತು ಕಡಿಮೆ ಪ್ರಮಾಣದ ಆಸ್ಪಿರಿನ್ ಇವೆ. ಕಳೆದ ತಪಾಸಣೆಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅಂಚಿಗೆ ಬಂದಿದೆ, ನೋವಿನ ಮಾತ್ರೆ ಕಡಿಮೆ ಮಾಡಲೇಬೇಕು ಎಂದು ವೈದ್ಯರು ಎಚ್ಚರಿಸಿದ್ದಾರೆ.

ಸಹೋದ್ಯೋಗಿಯೊಬ್ಬರು ಹೇಳಿದರೆಂದು ಒಂದು ಆಕ್ಯುಪಂಕ್ಚರ್, ಅಂದರೆ ಮೈಗೆ ಸಣ್ಣ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆಯ ಕೇಂದ್ರಕ್ಕೆ ಹೋಗಿಬಂದೆ. ಅಲ್ಲಿದ್ದವರು ನನ್ನ ಸ್ಕ್ಯಾನ್ ವರದಿಯನ್ನು ತೆರೆದು ನೋಡದೆ, 30 ಬಾರಿ ಬರಬೇಕು, ಹಣವನ್ನು ಮುಂಗಡವಾಗಿ ಕಟ್ಟಬೇಕು, ಇಂದಿನಿಂದಲೇ ಎಲ್ಲ ಮಾತ್ರೆಗಳನ್ನೂ ನಿಲ್ಲಿಸಬೇಕು ಎಂದರು. ನನಗೆ ಧೈರ್ಯ ಬರಲಿಲ್ಲ. ಮನೆಯಲ್ಲಿ ಅತ್ತೆಯವರು, ತಮ್ಮ ಬಾಲ್ಯದಲ್ಲಿ ನೋವಿಗೆ ಬರೆ ಹಾಕುತ್ತಿದ್ದರು, ಇದೂ ಅದೇ ಬಗೆಯದು, ಒಂದು ನೋವನ್ನು ಮರೆಸಲು ಇನ್ನೊಂದು ನೋವು ಕೊಡುವುದು ಎನ್ನುತ್ತಾರೆ. ಪತಿ ಅದನ್ನು ಚೀನಾದ ನಂಬಿಕೆ ಎನ್ನುತ್ತಾರೆ. ಇದರಲ್ಲಿ ನಿಜ ಎಷ್ಟಿದೆ, ಎಷ್ಟು ದಿನ ಮಾಡಿಸಿ ನೋಡಬೇಕು, ನನ್ನ ಔಷಧಿಗಳ ಜೊತೆ ಇದು ಸುರಕ್ಷಿತವೇ ಎಂಬುದನ್ನು ತಿಳಿದವರು ಅಥವಾ ಸ್ವತಃ ಮಾಡಿಸಿಕೊಂಡವರು ದಯವಿಟ್ಟು ಬರೆಯಬೇಕು.

ಉತ್ತರ: ನಿಸರ್ಗ ಚಿಕಿತ್ಸಾ ವೈದ್ಯೆ, ದಕ್ಷಿಣ ಕನ್ನಡ

ಮೊದಲು ನಿಮ್ಮ ಮಾತ್ರೆಗಳ ವಿಷಯ. ರಕ್ತದೊತ್ತಡದ ಮಾತ್ರೆಯನ್ನಾಗಲಿ ಆಸ್ಪಿರಿನ್ ಅನ್ನಾಗಲಿ ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ. ಅವನ್ನು ಕೊಟ್ಟ ವೈದ್ಯರು ಮಾತ್ರ ಅವನ್ನು ಬದಲಿಸಬಹುದು. ವರದಿ ನೋಡದೆ, ಬೆನ್ನು ಮುಟ್ಟದೆ, ಎಲ್ಲ ಔಷಧಿ ಬಿಡಿ ಎನ್ನುವವರ ಬಳಿ ನೀವು ಹಣ ಕಟ್ಟದೆ ಎದ್ದು ಬಂದದ್ದು ಸರಿಯಾದ ತೀರ್ಮಾನ. ಬಿ.ಎನ್.ವೈ.ಎಸ್. (ನಿಸರ್ಗ ಚಿಕಿತ್ಸೆ ಮತ್ತು ಯೋಗ ವಿಜ್ಞಾನ) ಪದವಿಯ ಪಠ್ಯದಲ್ಲಿ ಆಕ್ಯುಪಂಕ್ಚರ್ ಒಂದು ವಿಷಯ. ನಾನು ಅದನ್ನು ಓದಿ, ಹಲವು ವರ್ಷಗಳಿಂದ ದಿನವೂ ಮಾಡುತ್ತಿದ್ದೇನೆ. ನನ್ನ ವೃತ್ತಿಯ ಮೇಲೆ ನನಗೆ ಗೌರವ ಇರುವುದರಿಂದಲೇ ಇಂಥ ಮಾತುಗಳನ್ನು ಕೇಳಿದಾಗ ಬೇಸರವಾಗುತ್ತದೆ.

ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಹೇಳಿದರೆ ನಿಮ್ಮ ಅಂಜಿಕೆ ಅರ್ಧ ಕಡಿಮೆಯಾದೀತು. ಸೂಜಿಯ ದಪ್ಪ ಸಾಮಾನ್ಯವಾಗಿ 0.25 ಮಿಲಿಮೀಟರ್, ಅಂದರೆ ಇಂಜೆಕ್ಷನ್ ಸೂಜಿಯ ಅರ್ಧಕ್ಕಿಂತಲೂ ಕಡಿಮೆ. ಅದರೊಳಗೆ ರಂಧ್ರವಿಲ್ಲ, ಔಷಧವಿಲ್ಲ. ನಿಮ್ಮನ್ನು ಬೋರಲಾಗಿ ಮಲಗಿಸಿ, ಸೊಂಟದ ಎರಡೂ ಬದಿ ಬೆನ್ನುಮೂಳೆಯಿಂದ ತುಸು ಆಚೆ, ಮಂಡಿಯ ಹಿಂದಿನ ಮಡಿಕೆಯ ನಡುವೆ, ಕೆಲವೊಮ್ಮೆ ಕಾಲಿನ ಹೊರಬದಿಯಲ್ಲಿ, ಎಲ್ಲ ಸೇರಿ ಹತ್ತು–ಹನ್ನೆರಡು ಸೂಜಿ ಹಾಕುತ್ತೇವೆ. ಸೂಜಿ ಹಾಕುವ ಈ ಜಾಗಗಳನ್ನು ಬಿಂದುಗಳು ಎನ್ನುತ್ತೇವೆ; ಅವನ್ನು ಅಳೆಯುವುದು ರೋಗಿಯದೇ ಹೆಬ್ಬೆರಳಿನ ಅಗಲದಿಂದ. ನಮ್ಮ ಹಿರಿಯರು ಅಂಗುಲದಲ್ಲಿ ಅಳೆಯುತ್ತಿದ್ದ ಹಾಗೆ. ಚರ್ಮ ದಾಟುವಾಗ ಇರುವೆ ಕಚ್ಚಿದಷ್ಟು ಚುರುಕು, ಅಷ್ಟೇ. ಆಮೇಲೆ ಸೂಜಿಯನ್ನು ಮೆಲ್ಲಗೆ ತಿರುಗಿಸಿದಾಗ ಒಳಗೆ ಭಾರವಾದಂತೆ, ಜೋಮು ಹಿಡಿದಂತೆ, ಯಾರೋ ಹೆಬ್ಬೆರಳಿನಿಂದ ಒತ್ತಿ ಹಿಡಿದಂತೆ ಒಂದು ಅನುಭವ ಬರುತ್ತದೆ. ಚೀನಾದವರು ಅದನ್ನು ‘ದೆ ಚಿ’ ಎನ್ನುತ್ತಾರೆ. ಅದೇ ಹೊತ್ತಿನಲ್ಲಿ ನನ್ನ ಬೆರಳಿಗೂ ಒಂದು ಹಿಡಿತ ತಿಳಿಯುತ್ತದೆ, ಒದ್ದೆ ಮಣ್ಣಿನಿಂದ ಕಡ್ಡಿ ಎಳೆದಾಗ ಅದು ಕಚ್ಚಿಕೊಳ್ಳುವ ಹಾಗೆ. ಸೂಜಿಯನ್ನು 20ರಿಂದ 30 ನಿಮಿಷ ಹಾಗೆಯೇ ಬಿಡುತ್ತೇವೆ. ಅನೇಕರು ನಿದ್ದೆ ಹೋಗುತ್ತಾರೆ.

ಅತ್ತೆಯವರ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ಒಂದು ಕಡೆ ಕೊಟ್ಟ ಪ್ರಚೋದನೆಯಿಂದ ಇನ್ನೊಂದು ಕಡೆಯ ನೋವಿನ ಸಂದೇಶವನ್ನು ಮೆದುಳು ತಗ್ಗಿಸಬಲ್ಲದು. ಆದರೆ ಬರೆ ಚರ್ಮವನ್ನು ಸುಟ್ಟು ಜೀವಮಾನದ ಗಾಯ ಮಾಡುತ್ತದೆ. ಇಲ್ಲಿ ಸುಡುವುದೂ ಇಲ್ಲ, ಕಲೆಯೂ ಉಳಿಯುವುದಿಲ್ಲ. 1970ರ ದಶಕದ ಪ್ರಯೋಗಗಳಲ್ಲಿ ಅಫೀಮಿನ ಪರಿಣಾಮವನ್ನು ತಡೆಯುವ ನ್ಯಾಲಾಕ್ಸೋನ್ ಎಂಬ ಔಷಧ ಕೊಟ್ಟಾಗ ಸೂಜಿಯ ನೋವು ತಗ್ಗಿಸುವ ಗುಣವೂ ಕುಂದಿದ್ದು ಕಂಡುಬಂತು. ನೋವು ತಗ್ಗಿಸಲು ದೇಹ ತಾನೇ ತಯಾರಿಸುವ ಎಂಡಾರ್ಫಿನ್‌ಗಳಿಗೆ ಇದರಲ್ಲಿ ಪಾತ್ರವಿದೆ ಎಂಬ ತಿಳಿವಳಿಕೆ ಅಲ್ಲಿಂದ ಬಂದದ್ದು. 2010ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದು ಸೂಜಿ ಹಾಕಿದ ಜಾಗದಲ್ಲಿ ನೋವು ತಗ್ಗಿಸುವ ಅಡೆನೊಸಿನ್ ಎಂಬ ವಸ್ತು ಹೆಚ್ಚುವುದನ್ನು ತೋರಿಸಿತು. ‘ಚಿ’ ಎಂಬ ಶಕ್ತಿ ನಾಡಿಗಳಲ್ಲಿ ಹರಿಯುತ್ತದೆ ಎಂಬ ಹಳೆಯ ವಿವರಣೆಯನ್ನು ನಾನು ಬಿಂದುಗಳನ್ನು ನೆನಪಿಡುವ ನಕ್ಷೆಯಾಗಿ ಬಳಸುತ್ತೇನೆಯೇ ಹೊರತು ರೋಗಿಗೆ ಅದನ್ನು ಅಂಗರಚನೆ ಎಂದು ಹೇಳುವುದಿಲ್ಲ.

ನಿಮ್ಮ ಪತಿಯವರಿಗೆ ಒಂದು ಮಾತು. ಇದು ಚೀನಾದ್ದು ನಿಜ, ಆದರೆ ನಮ್ಮ ದೇಶಕ್ಕೆ ಬಂದ ದಾರಿ ತುಂಬ ಆತ್ಮೀಯವಾದದ್ದು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ನೆರವಾಗಲು ಭಾರತದಿಂದ ಐವರು ವೈದ್ಯರ ತಂಡ ಹೋಗಿತ್ತು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೊಟ್ನಿಸ್ ಅಲ್ಲಿಯೇ 1942ರಲ್ಲಿ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜೊಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು. 2019ರ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಗುರುತಿಸಿತು.

ಎಷ್ಟು ದಿನ ಎಂದು ಕೇಳಿದ್ದೀರಿ. ವಾರಕ್ಕೆ ಒಂದು ಅಥವಾ ಎರಡು ಬಾರಿಯಂತೆ ಆರು ಸಲ ಮಾಡಿ ನಿಂತು ನೋಡುವುದು ನನ್ನ ಪದ್ಧತಿ. ಆರರೊಳಗೆ ಏನೂ ವ್ಯತ್ಯಾಸ ಕಾಣದಿದ್ದರೆ ಬಿಂದುಗಳನ್ನು ಬದಲಿಸಿ ಇನ್ನೆರಡು ಸಲ ಪ್ರಯತ್ನಿಸುತ್ತೇನೆ; ಆಮೇಲೂ ಇಲ್ಲವೆಂದರೆ, ನಿಮಗೆ ಇದು ಒಗ್ಗಲಿಲ್ಲ, ಹಣ ಕಳೆಯಬೇಡಿ ಎಂದು ಹೇಳಿ ಕಳುಹಿಸುತ್ತೇನೆ.

ಉತ್ತರ: ನೋವು ಚಿಕಿತ್ಸಾ ವಿಭಾಗದ ಅರಿವಳಿಕೆ ತಜ್ಞ, ಮೈಸೂರು

ನಾನು ಆಕ್ಯುಪಂಕ್ಚರ್ ಮಾಡುವುದಿಲ್ಲ, ಆದರೆ ನನ್ನ ಬಳಿ ಬರುವ ದೀರ್ಘಕಾಲದ ನೋವಿನ ರೋಗಿಗಳಲ್ಲಿ ಬಹಳ ಜನ ಇದೇ ಪ್ರಶ್ನೆ ಕೇಳುತ್ತಾರೆ. ಮೇಲೆ ಬರೆದಿರುವ ವೈದ್ಯೆಯ ಮಾತುಗಳಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಒಂದು ಕಡೆ ಮಾತ್ರ ಸ್ವಲ್ಪ ತಡೆದು ನಿಲ್ಲಬೇಕೆನಿಸುತ್ತದೆ: ಬಿಂದುಗಳನ್ನು ಬದಲಿಸಿದರೆ ಫಲ ಬದಲಾಗುತ್ತದೆ ಎಂಬ ಮಾತಿಗೆ ಇರುವ ಆಧಾರ ದುರ್ಬಲ. ನೀವು ಗಣಿತದವರಾದ್ದರಿಂದ ಅಂಕಿಗಳಲ್ಲೇ ಹೇಳುತ್ತೇನೆ.

ಜರ್ಮನಿಯಲ್ಲಿ ದೀರ್ಘಕಾಲದ ಸೊಂಟನೋವಿನ 1162 ಜನರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಾಸ್ತ್ರದ ಬಿಂದುಗಳಲ್ಲಿ ಸೂಜಿ, ಎರಡನೆಯದಕ್ಕೆ ಬಿಂದುಗಳಲ್ಲದ ಜಾಗದಲ್ಲಿ ಮೇಲುಮೇಲೆ ಸೂಜಿ, ಮೂರನೆಯದಕ್ಕೆ ಔಷಧ, ಫಿಸಿಯೋಥೆರಪಿ, ವ್ಯಾಯಾಮ ಸೇರಿದ ಮಾಮೂಲಿ ಚಿಕಿತ್ಸೆ. ಆರು ತಿಂಗಳ ನಂತರ ಗಮನಾರ್ಹವಾಗಿ ಸುಧಾರಿಸಿದವರು ಮೊದಲ ಗುಂಪಿನಲ್ಲಿ ಶೇಕಡಾ 47.6, ಎರಡನೆಯದರಲ್ಲಿ 44.2, ಮೂರನೆಯದರಲ್ಲಿ 27.4. ಮಾಮೂಲಿ ಚಿಕಿತ್ಸೆಗಿಂತ ಸೂಜಿ ಬಹಳ ಮೇಲು. ಆದರೆ ಸರಿಯಾದ ಜಾಗದ ಸೂಜಿಗೂ ತಪ್ಪು ಜಾಗದ ಸೂಜಿಗೂ ಹೆಚ್ಚು ಅಂತರವಿಲ್ಲ. ಎರಡು ವರ್ಷದ ನಂತರ ಅಮೆರಿಕದಲ್ಲಿ 638 ಜನರ ಮೇಲೆ ನಡೆದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಒಂದು ಗುಂಪಿಗೆ ಸೂಜಿಯನ್ನೇ ಚುಚ್ಚಲಿಲ್ಲ. ಸೂಜಿ ಹಾಕುವ ಸಣ್ಣ ಕೊಳವೆಯೊಳಗೆ ಹಲ್ಲುಕಡ್ಡಿ ಇಟ್ಟು ಚರ್ಮದ ಮೇಲೆ ತಟ್ಟಿ ತಿರುಗಿಸಿದರು. ಬೋರಲು ಮಲಗಿದವರಿಗೆ ಅದು ಕಾಣುವುದಿಲ್ಲ. ಎಂಟು ವಾರದ ಹೊತ್ತಿಗೆ ಸೂಜಿಯವರೂ ಹಲ್ಲುಕಡ್ಡಿಯವರೂ ಸರಿಸುಮಾರು ಶೇಕಡಾ 60ರಷ್ಟು ಜನ ದೈನಂದಿನ ಕೆಲಸಗಳಲ್ಲಿ ಸುಧಾರಿಸಿದ್ದರು, ಮಾಮೂಲಿ ಚಿಕಿತ್ಸೆಯವರು ಶೇಕಡಾ 39.

ಇದನ್ನು ಓದಿ, ಹಾಗಾದರೆ ಇದೆಲ್ಲ ಬರಿಯ ನಂಬಿಕೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಮೊದಲು ಆ ಸಾಲಿನಲ್ಲೇ ಇದ್ದೆ. ನನ್ನ ಮನಸ್ಸನ್ನು ತುಸು ಬದಲಿಸಿದ್ದು 2012ರಲ್ಲಿ ಬಂದ ಒಂದು ವಿಶ್ಲೇಷಣೆ: 29 ಪ್ರಯೋಗಗಳ 17,922 ರೋಗಿಗಳ ಮೂಲ ಮಾಹಿತಿಯನ್ನೇ ತರಿಸಿಕೊಂಡು ಒಟ್ಟಿಗೆ ಲೆಕ್ಕ ಹಾಕಿದ್ದು. ಅದರ ಸಾರವನ್ನು ಅವರೇ ಒಂದು ಉದಾಹರಣೆಯಾಗಿ ಕೊಟ್ಟಿದ್ದಾರೆ. ಆರಂಭದಲ್ಲಿ ನೋವು ನೂರಕ್ಕೆ 60 ಇದೆ ಎಂದುಕೊಳ್ಳಿ. ಸೂಜಿ ಇಲ್ಲದೆ ಅದು 43ಕ್ಕೆ ಇಳಿಯುತ್ತದೆ, ತೋರಿಕೆಯ ಸೂಜಿಯಿಂದ 35ಕ್ಕೆ, ನಿಜವಾದ ಸೂಜಿಯಿಂದ 30ಕ್ಕೆ. 2018ರಲ್ಲಿ 39 ಪ್ರಯೋಗಗಳು, 20,827 ರೋಗಿಗಳನ್ನು ಸೇರಿಸಿ ಮತ್ತೆ ನೋಡಿದಾಗಲೂ ಚಿತ್ರ ಹೆಚ್ಚು ಬದಲಾಗಲಿಲ್ಲ, ಮತ್ತು ಲಾಭದ ಬಹುಪಾಲು ಒಂದು ವರ್ಷದವರೆಗೂ ಉಳಿದಿತ್ತು.

43ರಿಂದ 30ಕ್ಕೆ ಇಳಿದ 13ರಲ್ಲಿ 5 ಮಾತ್ರ ಸೂಜಿಯ ನಿರ್ದಿಷ್ಟ ಗುಣ; ಉಳಿದ 8 ಅರ್ಧ ಗಂಟೆ ಅಲುಗಾಡದೆ ಮಲಗಿದ್ದರಿಂದ, ಮುಟ್ಟಿ ವಿಚಾರಿಸುವ ಒಬ್ಬ ಮನುಷ್ಯ ಸಿಕ್ಕಿದ್ದರಿಂದ, ಕಡಿಮೆಯಾಗುತ್ತದೆ ಎಂಬ ನಿರೀಕ್ಷೆಯಿಂದ ಬಂದದ್ದು. ವಿಜ್ಞಾನಿಗೆ ಆ 5 ಮುಖ್ಯ. ರೋಗಿಗೆ ಸಿಗುವುದು ಇಡೀ 13, ಮತ್ತು ನಾಲ್ಕು ವರ್ಷ ನರಳಿದವರಿಗೆ ಅದು ಸಣ್ಣದಲ್ಲ. ಹಾಗೆಯೇ 30 ಎಂದರೆ ಸೊನ್ನೆಯಲ್ಲ ಎಂಬುದನ್ನೂ ನೆನಪಿಡಬೇಕು. ಗುಣವಾಗುತ್ತದೆ ಎಂದು ಭರವಸೆ ಕೊಡುವವರು ಈ ಅಂಕಿಗಳನ್ನು ನೋಡಿಲ್ಲ.

ಇದೇ ಅಂಕಿಗಳನ್ನು ಮುಂದಿಟ್ಟುಕೊಂಡೇ ತಜ್ಞರ ಸಮಿತಿಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದಿವೆ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಹತ್ತು ಬಾರಿಯವರೆಗೆ ಆಕ್ಯುಪಂಕ್ಚರ್ ಕೊಡಬಹುದು ಎಂದಿತ್ತು. 2016ರಲ್ಲಿ ತೋರಿಕೆಯ ಸೂಜಿಗಿಂತ ಅರ್ಥಪೂರ್ಣ ವ್ಯತ್ಯಾಸವಿಲ್ಲವೆಂದು ಅದನ್ನು ಹಿಂತೆಗೆದುಕೊಂಡಿತು. 2021ರಲ್ಲಿ ಫೈಬ್ರೊಮಯಾಲ್ಜಿಯದಂಥ (ಮೈಯೆಲ್ಲ ನೋಯುವ ತೊಂದರೆ), ಬೇರೆ ಕಾರಣ ಸಿಗದ ದೀರ್ಘಕಾಲದ ನೋವಿಗೆ ಮಿತವಾಗಿ ಪರಿಗಣಿಸಬಹುದು ಎಂದಿತು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2020ರ ಜನವರಿಯಿಂದ ದೀರ್ಘಕಾಲದ ಸೊಂಟನೋವಿಗೆ 90 ದಿನಗಳಲ್ಲಿ 12 ಬಾರಿಗೆ ಹಣ ಕೊಡುತ್ತದೆ, ಸುಧಾರಣೆ ಕಂಡರೆ ಮಾತ್ರ ಇನ್ನೂ 8. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಡಿಸೆಂಬರಿನ ಮಾರ್ಗಸೂಚಿಯಲ್ಲಿ ಷರತ್ತಿನೊಂದಿಗೆ ಒಪ್ಪಿದೆ. ಒಂದೇ ಬಾರಿಗೆ 30ಕ್ಕೆ ಹಣ ಕಟ್ಟಿ ಎಂದು ಇವರಲ್ಲಿ ಯಾರೂ ಹೇಳಿಲ್ಲ.

ನಿಮ್ಮ ಮಟ್ಟಿಗೆ ನಾನು ಹೇಳುವುದಾದರೆ, ನೋವಿನ ಮಾತ್ರೆಗಳು ನಿಮ್ಮ ಮೂತ್ರಪಿಂಡಕ್ಕೂ ರಕ್ತದೊತ್ತಡಕ್ಕೂ ಭಾರವಾಗುತ್ತಿರುವಾಗ ಇದನ್ನು ಒಮ್ಮೆ ಪ್ರಯತ್ನಿಸುವುದಕ್ಕೆ ಗಟ್ಟಿಯಾದ ಕಾರಣವಿದೆ. ಆದರೆ ಕಾಲಿನಲ್ಲಿ ಬಲ ಕುಂದಿದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಸೂಜಿಯ ಮಾತು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ನೋವಿನ ಜೊತೆ ಸೇರಿಕೊಂಡರೂ ತಡಮಾಡಬೇಡಿ.

ಉತ್ತರ: ನಿವೃತ್ತ ಬಸ್ ಚಾಲಕ, ಹುಬ್ಬಳ್ಳಿ

ದೊಡ್ಡ ಓದು ನನ್ನದಲ್ಲ. ಅನುಭವ ಮಾತ್ರ ಬರೆಯುತ್ತೇನೆ. 26 ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದವನು ನಾನು. ಇಂಜಿನ್ನಿನ ನಡುಕ ಸೀಟಿನಿಂದ ಸೊಂಟಕ್ಕೆ ಏರಿ ಏರಿ, ಕೊನೆಯ ಆರು ವರ್ಷ ಬಲಗಾಲಿನ ತನಕ ಸೆಳೆತ ಇಳಿಯುತ್ತಿತ್ತು.

ಮೊದಲು ಹೋದ ಜಾಗದಲ್ಲಿ ಒಂದು ಸ್ಟೀಲ್ ತಟ್ಟೆಯಲ್ಲಿ ಸೂಜಿಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿದ್ದರು. ನನಗಿಂತ ಮುಂಚೆ ಮಲಗಿದ್ದವರ ಬೆನ್ನಿನಿಂದ ತೆಗೆದ ಸೂಜಿ ಅದೇ ತಟ್ಟೆಗೆ ಬಿದ್ದದ್ದನ್ನು ಕಣ್ಣಾರೆ ಕಂಡು, ಅಂಗಿ ಹಾಕಿಕೊಂಡು ಹೊರಗೆ ಬಂದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಮಾತ್ರಕ್ಕೆ ಹೆಪಟೈಟಿಸ್ ಬಿ ಸಾಯುತ್ತದೆಂದು ನಂಬುವಂತಿಲ್ಲ ಎಂದು ಆಮೇಲೆ ನಮ್ಮ ಮನೆಯ ವೈದ್ಯರು ಹೇಳಿದರು. ಎರಡನೆಯ ಸಲ ಹೋದ ಕಡೆ ವೈದ್ಯರು ಪ್ರತಿ ಸೂಜಿಯ ಕಾಗದದ ಪೊಟ್ಟಣವನ್ನು ನನ್ನೆದುರೇ ಹರಿದರು; ತೆಗೆಯುವಾಗ ಒಂದೊಂದಾಗಿ ಎಣಿಸಿ, ಹನ್ನೊಂದು ಎಂದು ಬಾಯಲ್ಲಿ ಹೇಳಿ, ಹಳದಿ ಡಬ್ಬಿಗೆ ಹಾಕಿದರು. ಆ ಎಣಿಕೆ ಕೇಳಿದ ಮೇಲೆಯೇ ನನಗೆ ಅವರ ಮೇಲೆ ವಿಶ್ವಾಸ ಬಂದದ್ದು. ನೀವು ಎಲ್ಲಿಗೇ ಹೋಗಿ, ಪೊಟ್ಟಣ ನಿಮ್ಮ ಕಣ್ಣೆದುರು ಹರಿಯುತ್ತದೆಯೇ ಎಂದು ನೋಡಿ.

ಮೊದಲ ಎರಡು ಸಲ ಏನೂ ಆಗಲಿಲ್ಲ, ಎರಡನೆಯ ಸಲದ ಮರುದಿನ ನೋವು ಹೆಚ್ಚೇ ಇತ್ತು. ಮೂರನೆಯ ಸಲ ಮಾಡಿಸಿಕೊಂಡು ಬಂದ ರಾತ್ರಿ ಮಗ್ಗುಲು ಬದಲಿಸಲು ಎಚ್ಚರವಾಗಲಿಲ್ಲ. ಬೆಳಿಗ್ಗೆ ಎದ್ದಾಗಲೇ ಅದು ಗೊತ್ತಾದದ್ದು. ಆ ಹಗುರ ಎರಡು ದಿನ ಇತ್ತು, ಮುಂದಿನ ಸಲ ನಾಲ್ಕು ದಿನ, ಎಂಟನೆಯ ಸಲದ ಹೊತ್ತಿಗೆ ಒಂದು ವಾರ. ಆಗ ಆ ವೈದ್ಯರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ನಾನು ನಿಮಗೆ ಕೊಡುತ್ತಿರುವುದು ಬಿಡುವು. ಈ ಬಿಡುವಿನಲ್ಲಿ ನೀವು ನಡೆಯದಿದ್ದರೆ ಅದು ವ್ಯರ್ಥ.” ಅಲ್ಲಿಯವರೆಗೆ ನಾನು ಹಗುರವಾದ ದಿನ ಮಲಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೆ, ಗಾಡಿ ಕೆಟ್ಟೀತೆಂದು ಷೆಡ್ಡಿನಲ್ಲಿ ನಿಲ್ಲಿಸಿದ ಹಾಗೆ. ಅಂದಿನಿಂದ ಉಣಕಲ್ ಕೆರೆಯ ದಂಡೆಯ ಮೇಲೆ ಮೊದಲು ಹತ್ತು ನಿಮಿಷ, ಆಮೇಲೆ ಇಪ್ಪತ್ತು, ಈಗ ಮುಕ್ಕಾಲು ಗಂಟೆ ನಡೆಯುತ್ತೇನೆ. ಸೂಜಿ ನಿಲ್ಲಿಸಿ ಎರಡು ವರ್ಷವಾಯಿತು. ಮೋಡ ಕವಿದ ದಿನ ಸೊಂಟ ನೆನಪು ಮಾಡಿಕೊಡುತ್ತದೆ. ಕಾಲಿನ ಸೆಳೆತ ಮಾತ್ರ ಮತ್ತೆ ಬಂದಿಲ್ಲ. ಸೂಜಿಯಿಂದಲೋ ನಡಿಗೆಯಿಂದಲೋ ಎಂದು ಕೇಳಿದರೆ ಬಿಡಿಸಿ ಹೇಳಲಾರೆ, ಆದರೆ ಸೂಜಿ ಇಲ್ಲದಿದ್ದರೆ ನಾನು ನಡೆಯಲು ಆರಂಭಿಸುತ್ತಿರಲಿಲ್ಲ.

ಉತ್ತರ: ಸ್ಟುಟ್‌ಗಾರ್ಟ್‌ನಲ್ಲಿರುವ ಕನ್ನಡತಿ

ಇಲ್ಲಿ ಜರ್ಮನಿಯಲ್ಲಿ ಮೇಲೆ ಹೇಳಿದ ಪ್ರಯೋಗಗಳ ನಂತರ, 2007ರಿಂದ, ಸಾರ್ವಜನಿಕ ಆರೋಗ್ಯ ವಿಮೆ ಎರಡೇ ತೊಂದರೆಗಳಿಗೆ ಆಕ್ಯುಪಂಕ್ಚರ್ ಖರ್ಚು ಕೊಡುತ್ತದೆ: ದೀರ್ಘಕಾಲದ ಸೊಂಟನೋವು ಮತ್ತು ಮಂಡಿ ಸವೆತದ ನೋವು. ನೋವು ಕನಿಷ್ಠ ಆರು ತಿಂಗಳಿನದಾಗಿರಬೇಕು, ಮಾಡುವವರು ಹೆಚ್ಚುವರಿ ತರಬೇತಿ ಪಡೆದ ವೈದ್ಯರೇ ಆಗಿರಬೇಕು, ಸಾಮಾನ್ಯವಾಗಿ ಆರು ವಾರದಲ್ಲಿ ಹತ್ತು ಬಾರಿ.

ನಾನು ಮಂಡಿನೋವಿಗೆ ಹತ್ತೂ ಬಾರಿ ತಪ್ಪದೆ ಮಾಡಿಸಿಕೊಂಡೆ. ವೈದ್ಯರು ಒಳ್ಳೆಯವರು, ಕೋಣೆ ಬೆಚ್ಚಗಿತ್ತು, ಆ ಅರ್ಧ ಗಂಟೆ ನೆಮ್ಮದಿಯಾಗಿರುತ್ತಿತ್ತು, ಆದರೆ ಮೆಟ್ಟಿಲು ಇಳಿಯುವಾಗಿನ ನೋವು ಮೊದಲು ಎಷ್ಟಿತ್ತೋ ಹತ್ತನೆಯ ಸಲದ ನಂತರವೂ ಅಷ್ಟೇ ಇತ್ತು. ನನಗೆ ಕೊನೆಗೆ ನೆರವಾದದ್ದು ತೊಡೆಯ ಸ್ನಾಯುಗಳ ವ್ಯಾಯಾಮ. ಫಲ ಸಿಗದವರು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಇದನ್ನು ಹೇಳಬೇಕೆನಿಸಿತು. ಸಿಗದಿದ್ದರೆ ಅದು ನಿಮ್ಮ ತಪ್ಪು, ನಿಮ್ಮಲ್ಲಿ ನಂಬಿಕೆ ಸಾಲದು ಎಂದು ಯಾರಾದರೂ ಹೇಳಿದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸಾಗರದ ಶಿಕ್ಷಕಿ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. 60, 43, 35, 30 ಎಂಬ ನಾಲ್ಕು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಪತಿಯವರಿಗೆ ತೋರಿಸಿದೆ. ಅವರು ಬಹಳ ಹೊತ್ತು ಅದನ್ನು ನೋಡಿ, ಆರು ಸಲಕ್ಕೆ ತಾವೇ ಕರೆದುಕೊಂಡು ಹೋಗುವುದಾಗಿ ಹೇಳಿದರು. ಎರಡು ಸಂದೇಹಗಳು ಉಳಿದಿವೆ. ಆಸ್ಪಿರಿನ್ ಇರುವುದರಿಂದ ರಕ್ತ ಹೆಚ್ಚು ಬರುತ್ತದೆಯೇ? ವಿದ್ಯುತ್ ಹಾಯಿಸುವ ಸೂಜಿ ಎಂದು ಆ ಕೇಂದ್ರದಲ್ಲಿ ಹೇಳಿದ್ದರು, ಅದು ಏನು?

ನಿಸರ್ಗ ಚಿಕಿತ್ಸಾ ವೈದ್ಯೆ, ದಕ್ಷಿಣ ಕನ್ನಡ

ಕಡಿಮೆ ಪ್ರಮಾಣದ ಆಸ್ಪಿರಿನ್ ಇದ್ದರೆ ಸೂಜಿ ತೆಗೆದ ಜಾಗದಲ್ಲಿ ಒಂದು ಹನಿ ರಕ್ತ ಕಾಣಬಹುದು, ಸಣ್ಣ ನೀಲಿ ಕಲೆ ಒಂದು ವಾರ ಉಳಿಯಬಹುದು. ಹತ್ತಿಯಿಂದ ಒತ್ತಿ ಹಿಡಿದರೆ ಸಾಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂಥ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು, ಪಾದದ ಸ್ಪರ್ಶ ಕುಂದಿರುವ ಮಧುಮೇಹಿಗಳು ಮೊದಲೇ ತಿಳಿಸಲೇಬೇಕು. ವಿದ್ಯುತ್ತಿನದೆಂದರೆ ಎರಡು ಸೂಜಿಗಳಿಗೆ ಸಣ್ಣ ತಂತಿ ಸಿಕ್ಕಿಸಿ ಬ್ಯಾಟರಿಯ ಮೆಲುವಾದ ಮಿಡಿತ ಕೊಡುವುದು. ಸ್ನಾಯು ಸಣ್ಣಗೆ ಅದುರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಇರುವವರಿಗೆ ಅದನ್ನು ಮಾಡುವುದಿಲ್ಲ.

ತರಬೇತಿ ಪಡೆದವರ ಕೈಯಲ್ಲಿ ಗಂಭೀರ ಅಪಾಯ ಅಪರೂಪ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದಾಗ ಶೇಕಡಾ 8.6ರಷ್ಟು ಜನರಿಗೆ ಒಂದಲ್ಲ ಒಂದು ಅಡ್ಡಪರಿಣಾಮ ಕಂಡಿತು; ಹೆಚ್ಚಿನವು ರಕ್ತ ಒಸರುವುದು, ನೋವು ಇವೇ. ಇಬ್ಬರಿಗೆ ಮಾತ್ರ ಶ್ವಾಸಕೋಶದ ಹೊರಪದರದೊಳಗೆ ಗಾಳಿ ಸೇರಿತ್ತು. ಅಪರೂಪವೆಂದರೆ ಇಲ್ಲವೆಂದಲ್ಲ, ಎದೆ ಮತ್ತು ಮೇಲ್ಬೆನ್ನಿನಲ್ಲಿ ಆಳವಾಗಿ ಸೂಜಿ ಹಾಕಲು ಯಾರಿಗೂ ಬಿಡಬೇಡಿ. ಬರಿಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ. ಮಾಡುವವರ ಪದವಿ ಮತ್ತು ನೋಂದಣಿ ಸಂಖ್ಯೆಯನ್ನು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಬಳಿ ಮಲಗಬೇಡಿ.

ಹೋಗುವ ಮುನ್ನ ಒಂದು ವಾರ ಪುಸ್ತಕದಲ್ಲಿ ಬರೆದಿಡಿ: ಎಷ್ಟು ನಿಮಿಷ ನಿಲ್ಲಬಲ್ಲಿರಿ, ರಾತ್ರಿ ಎಷ್ಟು ಬಾರಿ ಎಚ್ಚರವಾಗುತ್ತದೆ, ವಾರಕ್ಕೆ ಎಷ್ಟು ಮಾತ್ರೆ. ನೋವಿಗೆ ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಉತ್ತರ ಆ ದಿನದ ಮನಸ್ಸಿನ ಮೇಲೆ ಹೋಗುತ್ತದೆ, ನಿಂತ ನಿಮಿಷಗಳು ಹಾಗಲ್ಲ.

ಸಾಗರದ ಶಿಕ್ಷಕಿ (ಒಂಬತ್ತು ವಾರಗಳ ನಂತರ)

ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ. ಬೇರೊಂದು ಕಡೆ, ಪದವಿ ಪಡೆದ ವೈದ್ಯರ ಬಳಿ, ವಾರಕ್ಕೊಂದರಂತೆ ಎಂಟು ಬಾರಿ ಮಾಡಿಸಿಕೊಂಡಿದ್ದೇನೆ. ಪೊಟ್ಟಣವನ್ನು ನನ್ನೆದುರೇ ಹರಿಯುತ್ತಾರೆ. ನಾಲ್ಕನೆಯ ಬಾರಿಯವರೆಗೆ ಪುಸ್ತಕದಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಬಿಟ್ಟುಬಿಡಬೇಕೆನಿಸಿತ್ತು. ಐದರಿಂದ ಬದಲಾಯಿತು. ಆರಂಭದ ವಾರದಲ್ಲಿ ಮೇಜು ಹಿಡಿಯದೆ ನಿಂತದ್ದು ಸರಾಸರಿ 14 ನಿಮಿಷ, ಕಳೆದ ವಾರ 31. ರಾತ್ರಿ ಮೂರು ಬಾರಿ ಎಚ್ಚರವಾಗುತ್ತಿದ್ದದ್ದು ಒಂದಕ್ಕೆ ಬಂದಿದೆ. ನೋವಿನ ಮಾತ್ರೆ ವಾರಕ್ಕೆ ಐದರಿಂದ ಒಂದು ಅಥವಾ ಎರಡಾಗಿದೆ. ವೈದ್ಯರಿಗೆ ತಿಳಿಸಿಯೇ ಕಡಿಮೆ ಮಾಡಿದ್ದು, ಕ್ರಿಯಾಟಿನಿನ್ ಮುಂದಿನ ತಿಂಗಳು ಮತ್ತೆ ನೋಡುತ್ತಾರೆ. ಬಸ್ಸಿನಲ್ಲಿ ಘಟ್ಟ ಇಳಿಯುವಾಗ ಮಾತ್ರ ನೋವು ಮೊದಲಿನಷ್ಟೇ ಇದೆ.

ಹುಬ್ಬಳ್ಳಿಯ ಹಿರಿಯರ ಮಾತು ಕೇಳಿ, ಹಗುರವಾದ ದಿನಗಳಲ್ಲಿ ಫಿಸಿಯೋಥೆರಪಿಸ್ಟ್ ಹಿಂದೆ ಕಲಿಸಿದ್ದ ವ್ಯಾಯಾಮಗಳನ್ನು ಮತ್ತೆ ಹಿಡಿದಿದ್ದೇನೆ. ನಿನ್ನೆ ಹತ್ತನೆಯ ತರಗತಿಗೆ ಪೈಥಾಗೊರಸನ ಪ್ರಮೇಯವನ್ನು ನಿಂತೇ ಸಾಧಿಸಿ ಮುಗಿಸಿದಾಗ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಂದಿಟ್ಟಿದ್ದ ಕುರ್ಚಿಯನ್ನು ಸದ್ದಿಲ್ಲದೆ ಎತ್ತಿ ಮೂಲೆಗೆ ಇಟ್ಟಳು. ಇನ್ನು ಮುಂದೆ ಎರಡು ವಾರಕ್ಕೊಮ್ಮೆ ಸಾಕೇ, ಅಥವಾ ಹತ್ತು ಪೂರೈಸಿ ಆಮೇಲೆ ಅಂತರ ಹೆಚ್ಚಿಸಬೇಕೇ?

ನಿಸರ್ಗ ಚಿಕಿತ್ಸಾ ವೈದ್ಯೆ, ದಕ್ಷಿಣ ಕನ್ನಡ

ಓದಿ ಬಹಳ ಸಂತೋಷವಾಯಿತು. ಎರಡು ವಾರಕ್ಕೊಮ್ಮೆ ಮಾಡಿ ನೋಡಿ. ನಿಲ್ಲುವ ನಿಮಿಷಗಳು ಇಳಿಯದಿದ್ದರೆ ಮುಂದೆ ತಿಂಗಳಿಗೊಮ್ಮೆ, ಅಲ್ಲಿಂದ ನಿಲ್ಲಿಸಿಬಿಡಿ. ಪುಸ್ತಕವನ್ನೂ ವ್ಯಾಯಾಮವನ್ನೂ ಮಾತ್ರ ಬಿಡಬೇಡಿ. ಕ್ರಿಯಾಟಿನಿನ್ ವರದಿ ಬಂದಾಗ ಇಲ್ಲಿ ಬರೆಯಿರಿ.